ವಾಹನದ ಬೆಲೆಯನ್ನು ಲೀಟರಿನಲ್ಲಿ ಅಳೆದಾಗ

ಹಳೆಯ ವಾಹನಗಳಿಗೆ ಬೆಲೆ ಕಟ್ಟುವುದು ಬಹಳ ವರ್ಷ ನನ್ನ ಕಸುಬಾಗಿತ್ತು. ಸಾಲ ಕೊಡುವವರು, ವಿಮೆಯವರು, ಕೆಲವೊಮ್ಮೆ ಆಸ್ತಿ ಪಾಲು ಮಾಡಿಕೊಳ್ಳುತ್ತಿರುವ ಅಣ್ಣತಮ್ಮಂದಿರು ನನ್ನನ್ನು ಕರೆಯುತ್ತಿದ್ದರು. ಬಾನೆಟ್ ಎತ್ತಿ ಆಯಿಲ್ ಕಡ್ಡಿ ಎಳೆದು ನೋಡುವುದು, ಟೈರಿನ ಒಳ ಅಂಚಿಗೆ ಬೆರಳು ಹಾಯಿಸಿ ಸವೆತ ಒಂದೇ ಸಮನಾಗಿದೆಯೇ ಎಂದು ತಿಳಿಯುವುದು, ಬಾಗಿಲಿನ ರಬ್ಬರ್ ಪಟ್ಟಿ ಸರಿಸಿ ವೆಲ್ಡಿಂಗ್ ಗುರುತು ಹುಡುಕುವುದು, ಕ್ಲಚ್ ಪೆಡಲಿನ ಸವೆತಕ್ಕೂ ಮೀಟರಿನಲ್ಲಿರುವ ಕಿಲೋಮೀಟರಿಗೂ ತಾಳೆಯಾಗುತ್ತದೆಯೇ ಎಂದು ಪರೀಕ್ಷಿಸುವುದು, ಇದೇ ನನ್ನ ದಿನಚರಿ. ಮೊದಲ ಕೆಲವು ವರ್ಷ ಬೆಲೆ ಎನ್ನುವುದು ವಾಹನದ ಒಳಗೇ ಇರುತ್ತದೆ, ನೋಡುವ ಕಣ್ಣಿದ್ದರೆ ಸಿಗುತ್ತದೆ ಎಂದು ನಾನು ನಂಬಿದ್ದೆ.

ಆ ನಂಬಿಕೆ ಹೋದದ್ದು ಒಂದೇ ವಾಹನ ನಾಲ್ಕು ತಿಂಗಳ ಅಂತರದಲ್ಲಿ ಎರಡು ಸಲ ನನ್ನ ಮುಂದೆ ಬಂದಾಗ. ಅದೇ ಟೈರು, ಅದೇ ಎಂಜಿನ್, ಮೀಟರಿನಲ್ಲಿ ಎರಡು ಸಾವಿರ ಕಿಲೋಮೀಟರ್ ಮಾತ್ರ ಹೆಚ್ಚು. ಆದರೆ ಮೊದಲ ಸಲ ಬರೆದ ಬೆಲೆಯನ್ನು ಎರಡನೆಯ ಸಲ ಬರೆದಿದ್ದರೆ ಯಾರೂ ಕೊಳ್ಳುತ್ತಿರಲಿಲ್ಲ. ವಾಹನ ಬದಲಾಗಿರಲಿಲ್ಲ, ಪೆಟ್ರೋಲ್ ಬಂಕಿನ ಬೋರ್ಡಿನ ಮೇಲಿನ ಅಂಕಿ ಬದಲಾಗಿತ್ತು. ಅಂದಿನಿಂದ ನನ್ನ ಪುಸ್ತಕದಲ್ಲಿ ಒಂದು ಹೊಸ ಕಾಲಂ ಎಳೆದೆ. ತಪಾಸಣೆಯ ದಿನಾಂಕದ ಪಕ್ಕದಲ್ಲಿ ಆ ದಿನದ ಇಂಧನದ ಬೆಲೆ.

ಈಗ ನಿಮ್ಮನ್ನೊಂದು ಪ್ರಶ್ನೆ ಕೇಳುತ್ತೇನೆ. ಇಂಧನ ದುಬಾರಿಯಾದರೆ ವಾಹನಗಳ ಬೆಲೆ ಏರುತ್ತದೆ ಎನ್ನುವವರು ಕೈ ಎತ್ತಿ. ಇಳಿಯುತ್ತದೆ ಎನ್ನುವವರು? ಹೆಚ್ಚುಕಡಿಮೆ ಅರ್ಧರ್ಧ. ನೀವು ಎರಡೂ ಕಡೆಯವರು ಸರಿ. ಯಾವ ವಾಹನ, ಹೊಸದೋ ಹಳೆಯದೋ, ಇಂಧನ ಏರಿದ್ದು ಏಕೆ, ಈ ಮೂರನ್ನು ಕೇಳದೆ ಉತ್ತರ ಹೇಳಲಾಗುವುದಿಲ್ಲ. ಈ ಮೂರು ಪ್ರಶ್ನೆಗಳ ಜೊತೆಗೇ ಇವತ್ತು ನಡೆಯೋಣ.

ಮೊದಲು ಹಣದ ಲೆಕ್ಕ ಬದಿಗಿಟ್ಟು ಲೀಟರಿನ ಲೆಕ್ಕಕ್ಕೆ ಬನ್ನಿ. ಹಣದ ಬೆಲೆ ದೇಶದಿಂದ ದೇಶಕ್ಕೆ, ವರ್ಷದಿಂದ ವರ್ಷಕ್ಕೆ ಬೇರೆ. ಲೀಟರ್ ಎಲ್ಲೆಡೆಯೂ ಲೀಟರೇ. ತಿಂಗಳಿಗೆ 1,000 ಕಿಲೋಮೀಟರ್ ಓಡುವ, ಲೀಟರಿಗೆ 15 ಕಿಲೋಮೀಟರ್ ಕೊಡುವ ಕಾರು ವರ್ಷಕ್ಕೆ 800 ಲೀಟರ್ ಕುಡಿಯುತ್ತದೆ. ಹತ್ತು ವರ್ಷಕ್ಕೆ 8,000 ಲೀಟರ್. ಇಂದು ಮನೆಗೆ ಹೋದ ಮೇಲೆ ನಿಮ್ಮಲ್ಲಿನ ಇಂಧನದ ಬೆಲೆಯಿಂದ ಅದನ್ನು ಗುಣಿಸಿ, ಬಂದ ಮೊತ್ತವನ್ನು ನಿಮ್ಮ ಕಾರಿನ ಬಿಲ್ಲಿನ ಪಕ್ಕದಲ್ಲಿಟ್ಟು ನೋಡಿ. ಕೆಲವರಿಗೆ ಮೂಗಿಗಿಂತ ಮೂಗುತಿಯೇ ಭಾರವಾಗಿ ಕಾಣುತ್ತದೆ. ಅಂದರೆ ಪ್ರತಿ ವಾಹನಕ್ಕೂ ಎರಡು ಬೆಲೆಗಳಿವೆ. ಒಂದನ್ನು ಶೋರೂಮಿನಲ್ಲಿ ಒಂದೇ ಸಲ ಕೊಡುತ್ತೇವೆ, ಅದು ಎಷ್ಟೆಂದು ಗೊತ್ತಿರುತ್ತದೆ. ಇನ್ನೊಂದನ್ನು ಬಂಕಿನಲ್ಲಿ ಹನಿಹನಿಯಾಗಿ ಕೊಡುತ್ತೇವೆ, ಅದು ಎಷ್ಟೆಂದು ಕೊಳ್ಳುವ ದಿನ ಯಾರಿಗೂ ಗೊತ್ತಿರುವುದಿಲ್ಲ. ಎರಡನೆಯ ಬೆಲೆ ಏರಿದಾಗ ಕೊಳ್ಳುವವನು ಮೊದಲನೆಯದನ್ನು ತಗ್ಗಿಸು ಎನ್ನುತ್ತಾನೆ. ನಮ್ಮ ಇಡೀ ವಿಷಯದ ತಿರುಳು ಈ ಜಗ್ಗಾಟದಲ್ಲಿದೆ.

ಮೈಲೇಜಿನ ವಿಚಾರದಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ, ಏಕೆಂದರೆ ಇಲ್ಲಿ ಬುದ್ಧಿವಂತರೂ ಎಡವುತ್ತಾರೆ. ಒಬ್ಬರು ಲೀಟರಿಗೆ 10 ಕಿಲೋಮೀಟರ್ ಕೊಡುವ ವಾಹನ ಬಿಟ್ಟು 12 ಕೊಡುವುದನ್ನು ಕೊಂಡರು. ಇನ್ನೊಬ್ಬರು 20 ಕೊಡುವುದನ್ನು ಬಿಟ್ಟು 25 ಕೊಡುವುದನ್ನು ಕೊಂಡರು. ಇಬ್ಬರೂ ತಿಂಗಳಿಗೆ 1,000 ಕಿಲೋಮೀಟರ್ ಓಡಿಸುತ್ತಾರೆ. ಹೆಚ್ಚು ಉಳಿಸಿದ್ದು ಯಾರು? ಎರಡಕ್ಕಿಂತ ಐದು ದೊಡ್ಡದು, ಹಾಗಾಗಿ ಎರಡನೆಯವರು ಎಂದು ಬಾಯಿಗೆ ಬರುತ್ತದೆ. ಲೆಕ್ಕ ಹಾಕಿ. ಮೊದಲನೆಯವರು 100 ಲೀಟರಿನಿಂದ 83ಕ್ಕೆ ಇಳಿದರು, ಉಳಿತಾಯ ಸುಮಾರು 17 ಲೀಟರ್. ಎರಡನೆಯವರು 50ರಿಂದ 40ಕ್ಕೆ ಇಳಿದರು, ಉಳಿತಾಯ 10 ಲೀಟರ್. ರಿಚರ್ಡ್ ಲ್ಯಾರಿಕ್ ಮತ್ತು ಜ್ಯಾಕ್ ಸೋಲ್ ಎಂಬ ಇಬ್ಬರು ಸಂಶೋಧಕರು 2008ರಲ್ಲಿ ಈ ಭ್ರಮೆಯನ್ನು ಪ್ರಯೋಗ ಮಾಡಿಯೇ ತೋರಿಸಿದರು. ಯುರೋಪಿನಲ್ಲಿ ನೂರು ಕಿಲೋಮೀಟರಿಗೆ ಎಷ್ಟು ಲೀಟರ್ ಎಂದು ಬರೆಯುವ ರೂಢಿ ಇದೆ. ನನಗೆ ಅದೇ ಹೆಚ್ಚು ಪ್ರಾಮಾಣಿಕ ಎನಿಸುತ್ತದೆ, ಏಕೆಂದರೆ ಜೇಬಿನಿಂದ ಹೋಗುವುದು ಲೀಟರಿನ ಹಣ, ಕಿಲೋಮೀಟರಿನದಲ್ಲ. ಇಂಧನ ಏರಿದಾಗ ಭಾರೀ ವಾಹನಗಳ ಬೆಲೆಗೆ ಬೀಳುವ ಪೆಟ್ಟು ಸಣ್ಣ ಕಾರುಗಳ ಬೆಲೆಗೆ ಸಿಗುವ ಏರಿಕೆಗಿಂತ ದೊಡ್ಡದಾಗಿ ಕಾಣುವುದಕ್ಕೆ ಒಂದು ಕಾರಣವೂ ಇಲ್ಲೇ ಇದೆ. ಮೈಲೇಜ್ ಕಡಿಮೆ ಇರುವ ಕಡೆ ಒಂದೊಂದು ಕಿಲೋಮೀಟರಿನ ವ್ಯತ್ಯಾಸವೂ ಬಹಳ ಲೀಟರುಗಳ ವ್ಯತ್ಯಾಸ.

ಈಗ ಎರಡನೆಯ ಪ್ರಶ್ನೆ, ಹೊಸದೋ ಹಳೆಯದೋ.

ಹೊಸ ವಾಹನ ತಯಾರಾಗುವುದಕ್ಕೇ ಇಂಧನ ಬೇಕು, ಹಾಗಾಗಿ ತೈಲ ಏರಿದರೆ ತಯಾರಿಕೆಯ ವೆಚ್ಚವೂ ಏರುತ್ತದೆ ಎನ್ನುವುದು ನಿಜ. ಒಂದು ಕಾರಿಗೆ ಸುಮಾರು 900 ಕಿಲೋಗ್ರಾಂ ಉಕ್ಕು ಬೇಕು, ಉಕ್ಕಿಗೆ ಕುಲುಮೆ ಉರಿಯಬೇಕು. ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್, ಸೀಟಿನ ಫೋಮ್, ಟೈರಿನಲ್ಲಿರುವ ಕೃತಕ ರಬ್ಬರ್ ಮತ್ತು ಅದನ್ನು ಕಪ್ಪಾಗಿಸುವ ಕಾರ್ಬನ್ ಬ್ಲ್ಯಾಕ್, ಇವೆಲ್ಲ ಕಚ್ಚಾ ತೈಲದ ಸಂತಾನವೇ. ಕಾರ್ಖಾನೆಯಲ್ಲಿ ಅತಿ ಹೆಚ್ಚು ಶಕ್ತಿ ಹೀರುವುದು ಬಣ್ಣ ಬಳಿಯುವ ವಿಭಾಗ, ಅಲ್ಲಿನ ಒಲೆಗಳು ದಿನವಿಡೀ ಬಿಸಿಯಾಗಿಯೇ ಇರಬೇಕು. ಆದರೂ ಈ ದಾರಿಯಲ್ಲಿ ಬರುವ ಏರಿಕೆ ನಿಧಾನದ್ದು, ಒಪ್ಪಂದಗಳ ಮೂಲಕ ಸೋಸಿ ಬರುವಂಥದ್ದು. ನೀವು ಶೋರೂಮಿನಲ್ಲಿ ಕಾಣುವ ಬೆಲೆಯನ್ನು ಇಂಧನ ಅಲುಗಾಡಿಸುವುದು ಹೆಚ್ಚಾಗಿ ಬೇಡಿಕೆಯ ಬಾಗಿಲಿನಿಂದ.

ಆ ಅಲುಗಾಟವೂ ಬೆಲೆ ಪಟ್ಟಿಯ ಮೇಲೆ ಕಾಣುವುದಿಲ್ಲ. ಕಂಪನಿಗಳು ಮುದ್ರಿತ ಬೆಲೆ ಇಳಿಸಲು ಹಿಂಜರಿಯುತ್ತವೆ. ಒಮ್ಮೆ ಇಳಿಸಿದರೆ ಮತ್ತೆ ಏರಿಸುವುದು ಕಷ್ಟ, ನಿನ್ನೆ ಕೊಂಡವನು ಜಗಳಕ್ಕೆ ಬರುತ್ತಾನೆ. ಅದಕ್ಕೆ ರಿಯಾಯಿತಿ, ಕಡಿಮೆ ಬಡ್ಡಿಯ ಸಾಲ, ಉಚಿತ ಬಿಡಿಭಾಗ, ಹಳೆಯ ವಾಹನಕ್ಕೆ ಹೆಚ್ಚಿನ ವಿನಿಮಯ ಬೆಲೆ, ಹೀಗೆ ಪಕ್ಕದ ದಾರಿ ಹಿಡಿಯುತ್ತವೆ. 2005ರ ಬೇಸಿಗೆಯಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ತನ್ನ ನೌಕರರಿಗೆ ಕೊಡುವ ರಿಯಾಯಿತಿ ದರವನ್ನೇ ಎಲ್ಲ ಗ್ರಾಹಕರಿಗೂ ತೆರೆದಿಟ್ಟಿತು. ದಾಸ್ತಾನಿನಲ್ಲಿದ್ದ ದೊಡ್ಡ ವಾಹನಗಳು ಕರಗಿದವು. ನನಗೆ ಇದಕ್ಕಿಂತ ಇಷ್ಟವಾದ ಉದಾಹರಣೆ 2008ರ ಮೇ ತಿಂಗಳದ್ದು. ಪೆಟ್ರೋಲ್ ದಿನದಿನಕ್ಕೂ ಏರುತ್ತಿದ್ದಾಗ ಕ್ರೈಸ್ಲರ್ ಕಂಪನಿ ಒಂದು ಮಾತು ಕೊಟ್ಟಿತು. ನಮ್ಮ ವಾಹನ ಕೊಳ್ಳಿ, ಮೂರು ವರ್ಷ ನಿಮಗೆ ಪೆಟ್ರೋಲ್ ಗ್ಯಾಲನ್ನಿಗೆ 2.99 ಡಾಲರಿನಂತೆ ಸಿಗುತ್ತದೆ, ಅದಕ್ಕಿಂತ ಹೆಚ್ಚಾದದ್ದನ್ನು ನಾವು ಭರಿಸುತ್ತೇವೆ. ಅಮೆರಿಕದ ಒಂದು ಗ್ಯಾಲನ್ ಎಂದರೆ ಸುಮಾರು 3.8 ಲೀಟರ್. ನಾನು ಹೇಳಿದ ಎರಡು ಬೆಲೆಗಳಲ್ಲಿ ಜನರನ್ನು ಹೆದರಿಸುತ್ತಿದ್ದದ್ದು ಎರಡನೆಯದು ಎಂದು ಆ ಕಂಪನಿ ಸರಿಯಾಗಿಯೇ ಹಿಡಿದಿತ್ತು. ಅದು ಕೊಟ್ಟದ್ದು ಬೆಲೆ ಇಳಿಕೆಯೇ, ಆದರೆ ಇಳಿಕೆಯನ್ನು ಶೋರೂಮಿನಿಂದ ಎತ್ತಿ ಬಂಕಿಗೆ ಒಯ್ದಿಟ್ಟಿತ್ತು.

ಅದೇ ಮೇ ತಿಂಗಳಲ್ಲಿ ಇನ್ನೊಂದು ನಡೆಯಿತು. ದಶಕಗಳಿಂದ ಅಮೆರಿಕದ ಮಾರಾಟ ಪಟ್ಟಿಯ ತಲೆಯ ಮೇಲೆ ಕುಳಿತಿದ್ದ ಫೋರ್ಡ್ ಪಿಕಪ್ ಟ್ರಕ್ಕನ್ನು ಹೋಂಡಾ ಸಿವಿಕ್ ಎಂಬ ಸಣ್ಣ ಕಾರು ಆ ತಿಂಗಳ ಮಾರಾಟದಲ್ಲಿ ಹಿಂದೆ ಹಾಕಿತು. ಗಮನಿಸಿ, ಪಿಕಪ್ಪಿನ ಮುದ್ರಿತ ಬೆಲೆ ಅರ್ಧಕ್ಕೇನೂ ಇಳಿದಿರಲಿಲ್ಲ. ಮಾರಾಟದ ಸಂಖ್ಯೆ ಕುಸಿದಿತ್ತು. ಹೊಸ ವಾಹನದ ಲೋಕದಲ್ಲಿ ಇಂಧನದ ಪೆಟ್ಟು ಮೊದಲು ಸಂಖ್ಯೆಗೆ ತಗಲುತ್ತದೆ, ಆಮೇಲೆ ಬೆಲೆಗೆ. ಕಾರಣ ಸರಳ. ಗಿರಾಕಿ ಬರದಿದ್ದರೆ ಕಾರ್ಖಾನೆ ಒಂದು ಪಾಳಿ ನಿಲ್ಲಿಸಬಹುದು, ವಾಹನಗಳನ್ನು ಮಾಡದೇ ಇರಬಹುದು.

ಹಳೆಯ ವಾಹನಗಳಿಗೆ ಆ ಸೌಕರ್ಯವಿಲ್ಲ. ಅವು ಈಗಾಗಲೇ ಇವೆ. ರಸ್ತೆಯ ಮೇಲಿರುವ ಲಕ್ಷಾಂತರ ದೊಡ್ಡ ವಾಹನಗಳನ್ನು ಯಾರೂ ಮಾಡದೇ ಇರಲಾರರು. ಸಂಖ್ಯೆ ಬದಲಾಗಲು ಸಾಧ್ಯವಿಲ್ಲದ ಕಡೆ ಬೆಲೆಯೇ ಬಾಗಬೇಕು. ಮೇಘನ್ ಬುಸ್ಸೆ, ಕ್ರಿಸ್ಟೋಫರ್ ನಿಟ್ಟೆಲ್, ಫ್ಲೋರಿಯನ್ ಜೆಟ್ಟೆಲ್‌ಮೆಯರ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಅಮೆರಿಕದ ವಾಹನ ವಹಿವಾಟುಗಳನ್ನು ಜಾಲಾಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದಕ್ಕೆ ಅಂಕಿಗಳಿವೆ. ಅತಿ ಹೆಚ್ಚು ಮೈಲೇಜಿನ ಕಾಲುಭಾಗ ಕಾರುಗಳನ್ನು ಒಂದು ಕಡೆ, ಅತಿ ಕಡಿಮೆ ಮೈಲೇಜಿನ ಕಾಲುಭಾಗವನ್ನು ಇನ್ನೊಂದು ಕಡೆ ಇಡಿ. ಪೆಟ್ರೋಲ್ ಗ್ಯಾಲನ್ನಿಗೆ 1 ಡಾಲರ್ ಏರಿದಾಗ ಈ ಎರಡು ಗುಂಪುಗಳ ನಡುವಿನ ಬೆಲೆ ಹೊಸ ಕಾರುಗಳಲ್ಲಿ ಮೊದಲ ಗುಂಪಿನ ಪರವಾಗಿ ವಾಲಿದ್ದು 354 ಡಾಲರ್ ಮಾತ್ರ. ಹಳೆಯ ಕಾರುಗಳಲ್ಲಿ ಅದೇ ಅಂಕಿ 1,945 ಡಾಲರ್. ಹೊಸ ಕಾರುಗಳಲ್ಲಿ ಬೆಲೆಯ ಬದಲು ಮಾರಾಟದ ಪಾಲು ತಲೆಕೆಳಗಾಯಿತು. ಹೆಚ್ಚು ಮೈಲೇಜಿನವುಗಳ ಪಾಲು ಶೇ. 21ರಷ್ಟು ಏರಿದರೆ ಕಡಿಮೆ ಮೈಲೇಜಿನವುಗಳದ್ದು ಶೇ. 27ರಷ್ಟು ಇಳಿಯಿತು. ನನ್ನ ಪುಸ್ತಕದ ಆ ಹೊಸ ಕಾಲಂ ವರ್ಷಗಟ್ಟಲೆ ಹೇಳುತ್ತಿದ್ದದ್ದನ್ನೇ ಈ ಅಂಕಿಗಳಲ್ಲಿ ಕಂಡಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಸಂತೋಷ ಎಂದೆ, ಆದರೆ ಇದರ ಅರ್ಥ ಸಂತೋಷದ್ದಲ್ಲ. ಇಂಧನ ಏರಿದಾಗ ನಷ್ಟ ಹೊರುವವನು ಹೊಸದನ್ನು ಕೊಳ್ಳಲು ಹೊರಟವನಲ್ಲ, ಅವನು ಬೇರೆ ಮಾದರಿ ಆರಿಸಿಕೊಳ್ಳುತ್ತಾನೆ. ನಷ್ಟ ಹೊರುವವನು ಆಗಲೇ ದೊಡ್ಡ ವಾಹನವನ್ನು ಮನೆ ಮುಂದೆ ನಿಲ್ಲಿಸಿಕೊಂಡಿರುವವನು. ಅವನಿಗೆ ಬಂಕಿನಲ್ಲಿ ಒಂದು ಪೆಟ್ಟು, ವಾಹನದ ಬೆಲೆಯಲ್ಲಿ ಇನ್ನೊಂದು. 2008ರಲ್ಲಿ ಈ ಎರಡನೆಯ ಪೆಟ್ಟು ಕಂಪನಿಗಳಿಗೂ ತಗಲಿತು. ಅಮೆರಿಕದಲ್ಲಿ ಲೀಸ್ ಪದ್ಧತಿ ವ್ಯಾಪಕ. ಮೂರು ವರ್ಷ ಬಳಸಿ ವಾಹನ ಹಿಂದಿರುಗಿಸಬಹುದು, ಆಗ ಅದರ ಬೆಲೆ ಇಷ್ಟಿರುತ್ತದೆ ಎಂದು ಕಂಪನಿ ಮೊದಲೇ ಅಂದಾಜು ಕಟ್ಟಿರುತ್ತದೆ. ಆ ವರ್ಷ ಹಿಂದಿರುಗಿ ಬಂದ ದೊಡ್ಡ ವಾಹನಗಳಿಗೆ ಅಂದಾಜಿನ ಬೆಲೆ ಸಿಗಲಿಲ್ಲ. ಫೋರ್ಡ್ ತನ್ನ ಸಾಲ ವಿಭಾಗದ ಲೀಸ್ ವಾಹನಗಳಿಗಾಗಿ ಒಂದೇ ತ್ರೈಮಾಸಿಕದಲ್ಲಿ 210 ಕೋಟಿ ಡಾಲರ್ ನಷ್ಟ ಬರೆದುಕೊಂಡಿತು. ಕ್ರೈಸ್ಲರಿನ ಸಾಲ ಸಂಸ್ಥೆ ಆಗಸ್ಟಿನಿಂದ ಲೀಸ್ ಕೊಡುವುದನ್ನೇ ನಿಲ್ಲಿಸಿತು. ಲೆಕ್ಕ ಬಲ್ಲವರನ್ನು ಸಾಲುಸಾಲಾಗಿ ಕೂರಿಸಿಕೊಂಡಿದ್ದ ಸಂಸ್ಥೆಗಳ ಕೈಯೇ ಸುಟ್ಟಿತು. ಒಬ್ಬ ಸಾಮಾನ್ಯ ಗೃಹಸ್ಥ ಎಡವಿದರೆ ಅವನನ್ನು ದೂರುವ ಮನಸ್ಸು ನನಗಿಲ್ಲ.

ಅಂಥ ಒಬ್ಬರ ಕತೆ ಹೇಳುತ್ತೇನೆ. ಹೆಸರು ಬೇಡ. ನಿವೃತ್ತರಾಗಿದ್ದರು, ಎಂಟು ಜನ ಕೂರುವ ವಾಹನ ಇಟ್ಟುಕೊಂಡಿದ್ದರು. ಸೀಟಿನ ಮೇಲೆ ಹೊದಿಸಿದ ಬಟ್ಟೆ ಕೂಡ ಒಗೆದು ಇಸ್ತ್ರಿ ಮಾಡಿದಂತಿತ್ತು, ಗ್ಲೌ ಬಾಕ್ಸಿನಲ್ಲಿ ಮೊದಲ ಸರ್ವಿಸಿನಿಂದ ಹಿಡಿದು ಎಲ್ಲ ರಸೀದಿಗಳೂ ದಾರದಲ್ಲಿ ಪೋಣಿಸಿದ್ದವು. ಇಂಧನದ ಬೆಲೆ ವಾರವಾರವೂ ಏರುತ್ತಿದ್ದ ಕಾಲ. ಬಂಕಿನ ಬೋರ್ಡು ನೋಡಿದ ರಾತ್ರಿ ನಿದ್ದೆ ಬರುವುದಿಲ್ಲ, ಇದನ್ನು ಮಾರಿ ಸಣ್ಣದೊಂದು ಕೊಳ್ಳುತ್ತೇನೆ, ಬೆಲೆ ಹೇಳಿ ಎಂದರು. ನಾನು ಬೆಲೆ ಹೇಳುವ ಮೊದಲು ತಿಂಗಳಿಗೆ ಎಷ್ಟು ಓಡಿಸುತ್ತೀರಿ ಎಂದು ಕೇಳಿದೆ. 600 ಕಿಲೋಮೀಟರ್.

ಅವರದೇ ರಸೀದಿಯ ಹಿಂಬದಿಯಲ್ಲಿ ಲೆಕ್ಕ ಬರೆದೆ. ಈ ವಾಹನ ಲೀಟರಿಗೆ 10 ಕೊಡುತ್ತದೆ, ತಿಂಗಳಿಗೆ 60 ಲೀಟರ್. ಸಣ್ಣದು 20 ಕೊಡುತ್ತದೆ, 30 ಲೀಟರ್. ಉಳಿತಾಯ ತಿಂಗಳಿಗೆ 30 ಲೀಟರ್. ಇನ್ನು ಅದಲುಬದಲಿನ ಖರ್ಚು. ಆರು ತಿಂಗಳ ಹಿಂದೆ ಇದೇ ಬದಲಾವಣೆ ಮಾಡಿಕೊಂಡಿದ್ದರೆ ಕೈಯಿಂದ ಹಾಕಬೇಕಿದ್ದ ಹಣಕ್ಕಿಂತ ಈಗ ಎಷ್ಟು ಹೆಚ್ಚು ಹಾಕಬೇಕು? ಅವರ ವಾಹನದ ಬೆಲೆ ಇಳಿದಿತ್ತು, ಸಣ್ಣ ಕಾರುಗಳಿಗೆ ಗಿರಾಕಿ ಮುಗಿಬಿದ್ದು ಅವುಗಳ ಬೆಲೆ ಏರಿತ್ತು, ಎರಡೂ ಸೇರಿ ಆ ದಿನದ ದರದಲ್ಲಿ 3,000 ಲೀಟರ್ ಇಂಧನದಷ್ಟಾಗಿತ್ತು. 3,000ವನ್ನು 30ರಿಂದ ಭಾಗಿಸಿದರೆ 100 ತಿಂಗಳು. ಎಂಟು ವರ್ಷ ನಾಲ್ಕು ತಿಂಗಳು ಓಡಿಸಿದ ಮೇಲೆ ಈ ಹೆಚ್ಚುವರಿ ಖರ್ಚು ಮಾತ್ರ ವಾಪಸಾಗುತ್ತದೆ, ಅದೂ ಇಂಧನ ಅಷ್ಟೇ ದುಬಾರಿಯಾಗಿ ಉಳಿದರೆ.

ಇಲ್ಲಿ ನಾನು ಇಂದು ಹೇಳಬೇಕೆಂದು ಬಂದಿರುವ ಮಾತಿದೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಮಾರುಕಟ್ಟೆ ಒಂದು ವಾಹನದ ಬೆಲೆಯನ್ನು ಇಳಿಸುವಾಗ ಅದರ ಮುಂದಿನ ಇಂಧನದ ಖರ್ಚನ್ನು ಲೆಕ್ಕ ಹಾಕಿಯೇ ಇಳಿಸುತ್ತದೆ. ಆದರೆ ಯಾರ ಖರ್ಚು? ನಿಮ್ಮದಲ್ಲ. ಅಂಥ ವಾಹನವನ್ನು ಎಲ್ಲರಂತೆ ಓಡಿಸುವವನ ಖರ್ಚು. ಅವನು ತಿಂಗಳಿಗೆ 1,500 ಕಿಲೋಮೀಟರ್ ಓಡಿಸುವವನಾಗಿದ್ದರೆ, 600 ಓಡಿಸುವ ನಮ್ಮ ನಿವೃತ್ತರು ತಾವು ಸುಡದ ಇಂಧನಕ್ಕೂ ಬೆಲೆ ಕಡಿತ ಅನುಭವಿಸಿ ಮಾರುತ್ತಾರೆ. ಅದೇ ದಿನ 3,000 ಕಿಲೋಮೀಟರ್ ಓಡಿಸುವವನೊಬ್ಬ ಮಾರಲು ಬಂದಿದ್ದರೆ ನಾನು ಕೂಡಲೇ ಮಾರಿ ಎನ್ನುತ್ತಿದ್ದೆ. ಅವನಿಗೆ ತಿಂಗಳಿಗೆ 150 ಲೀಟರ್ ಉಳಿತಾಯ, ಅದೇ ಹೆಚ್ಚುವರಿ ಖರ್ಚು 20 ತಿಂಗಳಲ್ಲಿ ತೀರುತ್ತದೆ. ವಾಹನ ಒಂದೇ, ಬೆಲೆ ಒಂದೇ, ಇಂಧನದ ದರ ಒಂದೇ. ಒಬ್ಬರಿಗೆ ಮಾರುವುದು ನಷ್ಟ, ಇನ್ನೊಬ್ಬರಿಗೆ ಲಾಭ. ದುಬಾರಿ ಇಂಧನದ ಕಾಲದಲ್ಲಿ ದೊಡ್ಡ ಹಳೆಯ ವಾಹನವನ್ನು ಯಾರಾದರೂ ಕೊಳ್ಳಬೇಕಾದರೆ ಕಡಿಮೆ ಓಡಿಸುವವರೇ ಕೊಳ್ಳಬೇಕು. ಅವರೇ ಅದನ್ನು ಮಾರಲು ಓಡುತ್ತಿರುತ್ತಾರೆ.

ಅವರು ರಸೀದಿಯನ್ನು ಮಡಚಿ ಜೇಬಿಗಿಟ್ಟುಕೊಂಡರು, ಮುಂದಿನ ವಾರ ವಾಹನ ಮಾರಿದರು. ಭಯ ಲೆಕ್ಕ ಕೇಳುವುದಿಲ್ಲ. ಸುಮಾರು ಏಳು ತಿಂಗಳ ನಂತರ ಇಂಧನ ಇಳಿದಿತ್ತು, ಅದೇ ವಾಹನ ಬೇರೊಬ್ಬರ ಸಾಲದ ಅರ್ಜಿಯ ಜೊತೆ ನನ್ನ ಮುಂದೆ ನಿಂತಿತ್ತು. ಗ್ಲೌ ಬಾಕ್ಸಿನಲ್ಲಿ ದಾರದಲ್ಲಿ ಪೋಣಿಸಿದ ರಸೀದಿಗಳು ಹಾಗೆಯೇ ಇದ್ದವು. ಅವರು ಮಾರಿದ್ದಕ್ಕಿಂತ ಹೆಚ್ಚಿನ ಬೆಲೆಯನ್ನು ನಾನೇ ಕೈಯಾರೆ ಬರೆದೆ. ನನ್ನ ಕಸುಬಿನಲ್ಲಿ ಬರೆದ ಸಾವಿರಾರು ಬೆಲೆಗಳಲ್ಲಿ ಅದೊಂದು ಇಂದಿಗೂ ಮನಸ್ಸಿನಲ್ಲಿ ಚುಚ್ಚುತ್ತದೆ.

2008ರಲ್ಲಿಯೂ ಹೀಗೆಯೇ ಆಯಿತು. ಜುಲೈಯಲ್ಲಿ ಕಚ್ಚಾ ತೈಲ ಬ್ಯಾರೆಲ್ಲಿಗೆ 147 ಡಾಲರ್ ಮುಟ್ಟಿತ್ತು. ಡಿಸೆಂಬರಿನಲ್ಲಿ 40 ಡಾಲರಿಗಿಂತ ಕೆಳಗೆ ಬಂತು. ಅಮೆರಿಕದ ಬಂಕುಗಳಲ್ಲಿ 4 ಡಾಲರ್ ದಾಟಿದ್ದ ಗ್ಯಾಲನ್ 2 ಡಾಲರಿಗಿಂತ ಕಡಿಮೆಗೆ ಇಳಿಯಿತು. ಬೇಸಿಗೆಯಲ್ಲಿ ಹೆದರಿ ದೊಡ್ಡ ವಾಹನಗಳನ್ನು ಬಿಸಾಡಿದವರು, ಮರುವರ್ಷ ಅವುಗಳ ಹಳೆಯ ಬೆಲೆ ಚೇತರಿಸಿಕೊಂಡದ್ದನ್ನು ನೋಡುತ್ತ ನಿಲ್ಲಬೇಕಾಯಿತು.

ಆದರೆ 147ರಿಂದ 40ಕ್ಕೆ ಬಿದ್ದದ್ದು ಏಕೆ? ಇದು ನಮ್ಮನ್ನು ಇನ್ನೊಂದು ಪ್ರಶ್ನೆಗೆ ಒಯ್ಯುತ್ತದೆ, ಇಂಧನ ಏರುವುದು ಇಳಿಯುವುದು ಯಾವ ಕಾರಣಕ್ಕೆ ಎಂಬುದಕ್ಕೆ.

ಎರಡು ಏರಿಕೆಗಳನ್ನು ಅಕ್ಕಪಕ್ಕ ಇಡುತ್ತೇನೆ. 1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲ ನಿರ್ಬಂಧ ಹೇರಿದವು. ಸುಮಾರು 3 ಡಾಲರ್ ಇದ್ದ ಬ್ಯಾರೆಲ್ 1974ರ ಆರಂಭದ ಹೊತ್ತಿಗೆ 12 ಡಾಲರಿನ ಹತ್ತಿರ ಬಂತು. ಇದು ಪೂರೈಕೆ ಕಡಿದದ್ದರಿಂದ ಬಂದ ಏರಿಕೆ. ಜನರ ಕೈಯಲ್ಲಿ ಹಣ ಹೆಚ್ಚಿರಲಿಲ್ಲ, ಇದ್ದದ್ದೂ ಬಂಕಿಗೆ ಹೋಯಿತು. ವಾಹನ ಮಾರಾಟ ಒಟ್ಟಾರೆ ಕುಸಿಯಿತು. ಇನ್ನೊಂದು, 2004ರಿಂದ 2007ರವರೆಗಿನ ಏರಿಕೆ. ಆಗ ತೈಲವನ್ನು ಯಾರೂ ತಡೆದಿರಲಿಲ್ಲ. ಚೀನಾ ಮೊದಲಾದ ದೇಶಗಳಲ್ಲಿ ಕಾರ್ಖಾನೆಗಳು ಬೆಳೆದು, ಸಂಬಳಗಳು ಬೆಳೆದು, ಎಲ್ಲರಿಗೂ ತೈಲ ಬೇಕಾಗಿತ್ತು. ಅದೇ ಸಂಬಳದಲ್ಲಿ ಜನ ವಾಹನವನ್ನೂ ಕೊಂಡರು. ತೈಲವೂ ಏರಿತು, ಜಗತ್ತಿನ ವಾಹನ ಮಾರಾಟವೂ ಏರಿತು. ಬಂಕಿನ ಬೋರ್ಡಿನ ಮೇಲೆ ಎರಡೂ ಸಲ ಒಂದೇ ತರಹದ ಅಂಕಿ, ವಾಹನದ ಬೆಲೆಯ ಮೇಲೆ ವಿರುದ್ಧ ಪರಿಣಾಮ. ಸಮೃದ್ಧಿಯಿಂದ ಏರಿದ ಇಂಧನ ವಾಹನದ ಬೇಡಿಕೆಯ ಜೊತೆ ಬರುತ್ತದೆ, ಕೊರತೆಯಿಂದ ಏರಿದ ಇಂಧನ ಅದನ್ನು ತಿನ್ನುತ್ತದೆ.

ಇಳಿಕೆಗೂ ಇದೇ ಮಾತು. 2008ರ ಕೊನೆಯಲ್ಲಿ ತೈಲ ಬಿದ್ದದ್ದು ಹಣಕಾಸು ಕುಸಿತದಿಂದ. ಇಂಧನ ಅಗ್ಗ, ಆದರೆ ಕೆಲಸವೇ ಇರುತ್ತದೋ ಇಲ್ಲವೋ ಎಂದು ಹೆದರಿದವನು ಕಾರು ಕೊಳ್ಳುವುದಿಲ್ಲ. 2020ರ ಏಪ್ರಿಲ್ 20ರಂದು ಅಮೆರಿಕದ ಕಚ್ಚಾ ತೈಲದ ವಾಯಿದಾ ಬೆಲೆ, ಅಂದರೆ ಮುಂದೆ ಪಡೆಯುವ ತೈಲಕ್ಕೆ ಈಗಲೇ ಒಪ್ಪಿಕೊಳ್ಳುವ ಬೆಲೆ, ಸೊನ್ನೆಗಿಂತ ಕೆಳಗೆ, ಮೈನಸ್ 37 ಡಾಲರಿಗೆ ಹೋಯಿತು. ತೈಲ ಒಯ್ಯಲು ಬಂದವನಿಗೇ ಹಣ ಕೊಡುವ ಸ್ಥಿತಿ. ಆಗ ಯಾರು ದೊಡ್ಡ ವಾಹನ ಕೊಂಡರು? ಜಗತ್ತೇ ಮನೆಯೊಳಗಿತ್ತು.

ಬೇಡಿಕೆಯ ಮಾತು ಬಂದಾಗ ಪೂರೈಕೆಯನ್ನು ಮರೆತರೆ ಚಿತ್ರ ಅರ್ಧವಾಗುತ್ತದೆ. 1979ರಲ್ಲಿ ಇರಾನಿನ ಕ್ರಾಂತಿಯಿಂದ ಎರಡನೆಯ ತೈಲ ಆಘಾತ ಬಂದಾಗ ಅಮೆರಿಕನ್ನರು ಜಪಾನಿನ ಸಣ್ಣ ಕಾರುಗಳ ಹಿಂದೆ ಬಿದ್ದರು. ಅಮೆರಿಕದ ಕಂಪನಿಗಳು ತತ್ತರಿಸಿದವು. ಒತ್ತಡಕ್ಕೆ ಮಣಿದ ಜಪಾನ್ 1981ರಲ್ಲಿ ವರ್ಷಕ್ಕೆ 16.8 ಲಕ್ಷ ಕಾರುಗಳಿಗಿಂತ ಹೆಚ್ಚು ಕಳಿಸುವುದಿಲ್ಲ ಎಂದು ಒಪ್ಪಿತು. ಇಂಧನ ಹುಟ್ಟಿಸಿದ ಬೇಡಿಕೆ ಹಾಗೆಯೇ ಇತ್ತು, ಪೂರೈಕೆಗೆ ಮುಚ್ಚಳ ಬಿತ್ತು. ಬೆಲೆ ಏರದೆ ಇನ್ನೇನಾಗುತ್ತದೆ? ಅದಕ್ಕಿಂತ ಸ್ವಾರಸ್ಯದ್ದು ಮುಂದಿನದು. ಸಂಖ್ಯೆಗೆ ಮಿತಿ ಇದ್ದಾಗ ಒಂದೊಂದು ಕಾರಿನಿಂದ ಹೆಚ್ಚು ಲಾಭ ಬರಬೇಕು, ಹಾಗಾಗಿ ಜಪಾನಿಯರು ದೊಡ್ಡ, ದುಬಾರಿ ಕಾರುಗಳನ್ನು ಕಳಿಸತೊಡಗಿದರು. 1986ರಲ್ಲಿ ಅಕ್ಯುರಾ, 1989ರಲ್ಲಿ ಲೆಕ್ಸಸ್ ಮತ್ತು ಇನ್ಫಿನಿಟಿ ಬಂದವು. ಅಗ್ಗದ, ಕಡಿಮೆ ಇಂಧನದ ಕಾರಿಗೆಂದು ಶುರುವಾದ ಹಸಿವು ಐಷಾರಾಮಿ ಕಾರುಗಳ ಹುಟ್ಟಿಗೆ ದಾರಿ ಮಾಡಿತು. ಆ ಹೊತ್ತಿಗೆ, 1986ರಲ್ಲಿ, ತೈಲದ ಬೆಲೆಯೂ ನೆಲ ಕಚ್ಚಿತ್ತು.

ಪೂರೈಕೆಯ ಬಲವನ್ನು ನಮ್ಮ ಕಣ್ಣೆದುರೇ ತೋರಿಸಿದ್ದು 2021. ಸೆಮಿಕಂಡಕ್ಟರ್ ಚಿಪ್ಪುಗಳ ಕೊರತೆಯಿಂದ ಕಾರ್ಖಾನೆಗಳು ನಿಂತವು. ಹೊಸದು ಸಿಗದವರು ಹಳೆಯದಕ್ಕೆ ಬಂದರು. ಅಮೆರಿಕದ ಬೆಲೆ ಸೂಚ್ಯಂಕದಲ್ಲಿ ಹಳೆಯ ವಾಹನಗಳು 2021ರ ಜೂನಿಗೆ ಮುಗಿದ ಹನ್ನೆರಡು ತಿಂಗಳಲ್ಲಿ ಶೇ. 45ರಷ್ಟು ದುಬಾರಿಯಾದವು. ಆಗ ಇಂಧನವೂ ಏರುತ್ತಿತ್ತು, ಆದರೂ ಲೀಟರಿಗೆ ಏಳೆಂಟು ಕಿಲೋಮೀಟರ್ ಕೊಡುವ ಹಳೆಯ ವಾಹನಗಳೂ ಚಿನ್ನದ ಬೆಲೆಗೆ ಹೋದವು. ಇಂಧನದ ಪಾಠವನ್ನೇ ನೆಚ್ಚಿಕೊಂಡು ಬೆಲೆ ಕಟ್ಟಿದವರೆಲ್ಲ ಆ ವರ್ಷ ತಪ್ಪಿದರು.

ಲಾರಿಗಳ ಬಗ್ಗೆ ಯಾರೋ ಚೀಟಿ ಕಳಿಸಿದ್ದಾರೆ. ಅಲ್ಲಿ ಲೆಕ್ಕ ಇನ್ನೂ ಕಟು. ಕಾರು ಕೊಳ್ಳುವವನಿಗೆ ಇಷ್ಟ, ಬಣ್ಣ, ಮನೆಯವರ ಮಾತು ಎಲ್ಲ ಇರುತ್ತದೆ. ಲಾರಿಯನ್ನು ಯಾರೂ ಇಷ್ಟಕ್ಕಾಗಿ ಕೊಳ್ಳುವುದಿಲ್ಲ, ಸಾಗಿಸಲು ಸರಕಿದ್ದರೆ ಕೊಳ್ಳುತ್ತಾರೆ. ಡೀಸೆಲ್ ಏರಿದ ದಿನವೇ ಬಾಡಿಗೆ ಏರುವುದಿಲ್ಲ. ಹತ್ತಾರು ಲಾರಿಗಳ ಒಡೆಯನಿಗೆ ಡೀಸೆಲ್ ದರಕ್ಕೆ ತಕ್ಕಂತೆ ಬಾಡಿಗೆ ಬದಲಾಗುವ ಒಪ್ಪಂದ ಇರಬಹುದು. ಒಂದೇ ಲಾರಿಯ ಒಡೆಯನಿಗೆ ಅದಿಲ್ಲ. ನಡುವಿನ ಆ ಕೆಲವು ವಾರಗಳನ್ನು ಅವನು ತನ್ನ ಊಟದಿಂದ, ಟೈರು ಬದಲಿಸದೆ, ಕಂತು ಮುಂದೂಡಿ ದಾಟುತ್ತಾನೆ. ದಾಟಲಾಗದವರ ಲಾರಿಗಳು ಸಾಲ ಕೊಟ್ಟವರ ಅಂಗಳಕ್ಕೆ ಬರುತ್ತವೆ, ಒಟ್ಟಿಗೆ ಬರುತ್ತವೆ, ಒಟ್ಟಿಗೆ ಬಂದದ್ದರಿಂದಲೇ ಬೆಲೆ ಇನ್ನಷ್ಟು ಬೀಳುತ್ತದೆ. ಅಂಥ ಅಂಗಳಗಳಲ್ಲಿ ನಾನು ದಿನಗಟ್ಟಲೆ ಓಡಾಡಿದ್ದೇನೆ. ಕ್ಯಾಬಿನ್ನಿನಲ್ಲಿ ಮಡಚಿಟ್ಟ ಕಂಬಳಿ, ನೀರಿನ ಕ್ಯಾನು, ಮಗುವಿನ ಫೋಟೋ ಹಾಗೆಯೇ ಇರುತ್ತಿದ್ದವು. ಇಂಧನದ ಬೆಲೆ ಒಂದು ಅಂಕಿ ಮಾತ್ರ ಎನ್ನುವವರು ಅಲ್ಲಿಗೆ ಒಮ್ಮೆ ಬರಬೇಕಿತ್ತು.

ವಿದ್ಯುತ್ ವಾಹನಗಳು ಬಂದ ಮೇಲೆ ಈ ಮಾತೆಲ್ಲ ಹಳತಾಯಿತಲ್ಲವೇ ಎಂಬ ಪ್ರಶ್ನೆಯೂ ಇದೆ. ಹಳತಾಗಿಲ್ಲ, ಪಾತ್ರಗಳು ಬದಲಾಗಿವೆ. ಪೆಟ್ರೋಲ್ ಏರಿದರೆ ವಿದ್ಯುತ್ ವಾಹನಕ್ಕೆ ಬೇಡಿಕೆ ಏರುತ್ತದೆ, 2022ರಲ್ಲಿ ಏರಿತು. ಬೇಡಿಕೆ ಏರಿದ್ದರಿಂದ ಬ್ಯಾಟರಿಗೆ ಬೇಕಾದ ಲಿಥಿಯಂ ಲೋಹದ ಬೆಲೆ ಗಗನಕ್ಕೇರಿತು, ದಶಕದಿಂದ ಇಳಿಯುತ್ತಲೇ ಬಂದಿದ್ದ ಬ್ಯಾಟರಿ ಬೆಲೆ ಆ ವರ್ಷ ಮೇಲೆ ಹೋಯಿತು. 2023ರಲ್ಲಿ ಲಿಥಿಯಂ ಕುಸಿಯಿತು, ಟೆಸ್ಲಾ ಜನವರಿಯಲ್ಲೇ ಹೊಸ ಕಾರುಗಳ ಬೆಲೆಯನ್ನು ಗಣನೀಯವಾಗಿ ಕಡಿತ ಮಾಡಿತು. ಹೊಸದರ ಬೆಲೆ ಹಳೆಯದರ ತಲೆಯ ಮೇಲಿನ ಚಾವಣಿ. ಚಾವಣಿ ಇಳಿದರೆ ಒಳಗಿದ್ದವರು ಬಗ್ಗಲೇಬೇಕು. ಹರ್ಟ್ಜ್ ಎಂಬ ಬಾಡಿಗೆ ಕಾರುಗಳ ಕಂಪನಿ 2024ರ ಜನವರಿಯಲ್ಲಿ ತನ್ನ 20,000 ವಿದ್ಯುತ್ ಕಾರುಗಳನ್ನು ಮಾರುವುದಾಗಿ ಘೋಷಿಸಿ, ಬೆಲೆ ಕುಸಿತಕ್ಕಾಗಿ 24.5 ಕೋಟಿ ಡಾಲರ್ ನಷ್ಟ ತೋರಿಸಿತು. ಹನಿ ಪೆಟ್ರೋಲ್ ಕುಡಿಯದ ಕಾರುಗಳು ಅವು. ಎರಡನೆಯ ಬೆಲೆ ಚಿಕ್ಕದಾದ ಮಾತ್ರಕ್ಕೆ ಮೊದಲನೆಯದು ಸ್ಥಿರವಾಗುವುದಿಲ್ಲ.

ಕೊನೆಯ ಪ್ರಶ್ನೆ ಮುಂದಿನ ಸಾಲಿನಲ್ಲಿ ಕುಳಿತ ತಾಯಿಯವರದ್ದು. ಹನ್ನೊಂದು ವರ್ಷದ ಕಾರಿದೆ, ಲೀಟರಿಗೆ 12 ಕೊಡುತ್ತದೆ, ಇಂಧನ ಮತ್ತೆ ಏರುತ್ತದೆ ಎನ್ನುತ್ತಿದ್ದಾರೆ, ಈಗಲೇ ಕೊಟ್ಟುಬಿಡಲೇ ಎಂದು ಕೇಳಿದರು. ತಿಂಗಳಿಗೆ ಎಷ್ಟು ಓಡಿಸುತ್ತೀರಿ ಎಂದೆ. ಮುನ್ನೂರು ಕಿಲೋಮೀಟರ್ ಎಂದರು. ಹಾಗಾದರೆ ತಿಂಗಳಿಗೆ 25 ಲೀಟರ್. ಲೀಟರಿಗೆ 20 ಕೊಡುವ ಹೊಸದು ಕೊಂಡರೆ 15 ಲೀಟರ್, ಉಳಿಯುವುದು 10. ಇಂಧನ ಒಂದೂವರೆ ಪಟ್ಟಾದರೂ ಆ ಉಳಿತಾಯ ಇವತ್ತಿನ 15 ಲೀಟರಿನ ಬೆಲೆಗೆ ಸಮ. ತಿಂಗಳಿಗೆ ಅಷ್ಟು ಉಳಿಸಲು ಹೊಸ ಕಾರಿನ ಕಂತು ಎಷ್ಟು ಕಟ್ಟಬೇಕು ಎಂದು ಕೇಳಿದೆ. ಅವರು ಒಂದು ಕ್ಷಣ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಕೈಯಲ್ಲಿದ್ದ ಕಾರಿನ ಕೀಲಿಯನ್ನು ಚೀಲದೊಳಗೆ ಹಾಕಿಕೊಂಡು, ಟೈರು ಮಾತ್ರ ಬದಲಿಸುತ್ತೇನೆ ಎಂದರು.